ಹದಿನೇಳನೇ ಕುದುರೆಯ ರಕ್ತ

ಕುದುರೆ ಕೊಂದೆ ಎಂದು ಅಳುತ್ತ ಗಡಿಯಾರದ ಅಂಗಡಿಗೆ ಬಂದವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಆ ಬೆಳಿಗ್ಗೆ ಲಾಳದವನ ಗೋಡೆ ಗಡಿಯಾರವನ್ನು ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡು, ತುಕ್ಕು ಹಿಡಿದ ಚಕ್ರಗಳನ್ನು ಒಂದೊಂದಾಗಿ ತಿಕ್ಕುತ್ತಿದ್ದೆ. ಅವನ ಮನೆ ಕೆರೆಯ ಹಿಂದಿನ ಜೌಗಿನಲ್ಲಿದೆ. ಆ ತೇವಕ್ಕೆ ಅವನ ಗಡಿಯಾರ ಆಗಾಗ ಪ್ರಾಣ ಬಿಟ್ಟು ನನ್ನ ಹತ್ತಿರ ಬರುತ್ತಿತ್ತು. ಮೂತಿ ಸೊಟ್ಟ ಮಾಡಿಕೊಂಡು ನಾನು ಮತ್ತೆ ಜೀವ ತುಂಬಿ ಕಳಿಸುತ್ತಿದ್ದೆ.

ಬಂದವಳು ಸೀರಮ್ ಸಂಸ್ಥೆಯ ಚಿಕ್ಕ ಡಾಕ್ಟರು. ಅಲ್ಲಿ ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ತಲೆ ಬಾಚಿರಲಿಲ್ಲ, ಕಣ್ಣು ಊದಿಕೊಂಡಿದ್ದವು.

"ಮೇಡಂ ಇದಾರಾ?" ಎಂದಳು.

ಅವಳು ಕೇಳಿದ ಮೇಡಂ ಎಂದರೆ ನನ್ನ ಸೋದರತ್ತೆ. ಅಂಗಡಿಯ ಮಹಡಿಯ ಮೇಲೆ ವಾಸ. ಪಶುವೈದ್ಯೆಯಾಗಿ ಕೆಲಸದಲ್ಲಿದ್ದಷ್ಟು ಕಾಲವೂ ಸತ್ತ ಪ್ರಾಣಿಗಳನ್ನು ಕೊಯ್ದು, ಯಾವುದು ಯಾತರಿಂದ ಸತ್ತಿತು ಎಂದು ಹೇಳುವುದೇ ಅವರ ಕಸುಬಾಗಿತ್ತು. ನಿವೃತ್ತರಾದ ಮೇಲೆ ಊರಿನವರು ಬಿಡಲಿಲ್ಲ. ಯಾರದೋ ಹಸು ಸತ್ತರೆ, ಯಾರದೋ ಕೋಳಿಗಳು ಸಾಲಾಗಿ ಬಿದ್ದರೆ, ಕೊನೆಕೊನೆಗೆ ಯಾರದೋ ಪೆಟ್ಟಿಗೆ ಕಳುವಾದರೂ ಅತ್ತೆಯೇ ಬೇಕು. ಅವರ ಚೀಲ ಹೊರುವುದು ನನ್ನ ಕೆಲಸ. ಅದಕ್ಕೆ ಸಂಬಳವಿಲ್ಲ, ಬೈಗುಳ ಮಾತ್ರ ಧಾರಾಳ.

ಅತ್ತೆ ಮೆಟ್ಟಿಲಿಳಿದು ಬಂದು, ಅವಳನ್ನು ನನ್ನ ಸ್ಟೂಲಿನ ಮೇಲೆ ಕೂರಿಸಿ, ನನ್ನ ಲೋಟದ ಚಹಾವನ್ನೇ ಅವಳ ಕೈಗಿಟ್ಟರು. "ಮೊದಲು ಕುಡಿ. ಅಳೋದು ಆಮೇಲೂ ಆಗುತ್ತೆ."

ಅವಳು ಹೇಳಿದ್ದು ಇಷ್ಟು. ಆ ಸಂಸ್ಥೆಯಲ್ಲಿ ಧನುರ್ವಾಯುವಿಗೆ ಸೀರಮ್ ತಯಾರಿಸುತ್ತಾರೆ. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಗಾಯದೊಳಗೆ ಸೇರಿ ಉಗುಳುವ ವಿಷದಿಂದ ಬರುವ ರೋಗ ಅದು. ಕುದುರೆಗೆ ಆ ವಿಷವನ್ನು ಮೊದಲು ಬಲಗುಂದಿಸಿ ಕೊಡುತ್ತಾರೆ, ಆಮೇಲೆ ಚೂರುಚೂರೇ ಹೆಚ್ಚಿಸುತ್ತಾರೆ. ಕುದುರೆಯ ಮೈ ಆ ವಿಷವನ್ನು ಗುರುತು ಹಿಡಿಯಲು ಕಲಿತು, ಅದಕ್ಕೆ ಎದುರಾಗಿ ಪ್ರತಿವಿಷ ಮಾಡಿಕೊಳ್ಳುತ್ತದೆ. ವರ್ಷಗಟ್ಟಲೆ ಪಳಗಿದ ಕುದುರೆಗೆ ಹಸಿ ವಿಷವನ್ನೇ ಚುಚ್ಚಿದರೂ ಕಿವಿ ಒದರಿ ಸುಮ್ಮನಾಗುತ್ತದೆ. ಅದರ ರಕ್ತದಿಂದ ತೆಗೆದ ಸೀರಮ್ ಕಾಲಿಗೆ ಮೊಳೆ ಚುಚ್ಚಿಸಿಕೊಂಡವರ ಜೀವ ಉಳಿಸುತ್ತದೆ.

"ಹದಿನೇಳನೇ ನಂಬರ್ ಅಂತ ಒಂದು ಮುದಿ ಹೆಣ್ಣು ಕುದುರೆ ಇತ್ತು ಮೇಡಂ. ಎಲ್ಲಕ್ಕಿಂತ ಗಟ್ಟಿ ರಕ್ತ ಅದರದ್ದು. ಲಾಯ ನೋಡಿಕೊಳ್ಳೋ ಮೀಸೆ ತಾತನ ಮೊಮ್ಮಗಳಿಗೆ ಧನುರ್ವಾಯು ಆದಾಗ ಉಳಿಸಿದ್ದೂ ಅದರ ಸೀರಮ್ಮೇ ಅಂತೆ. ಮೊನ್ನೆ ಸಾಲಾಗಿ ಎಲ್ಲಾ ಕುದುರೆಗೂ ನಾನೇ ವಿಷ ಕೊಟ್ಟೆ. ನಿನ್ನೆ ಅದರ ಕಿವಿ ಸೆಟೆದುಕೊಂಡ್ವು, ದವಡೆ ಕಚ್ಚಿಕೊಂಡ್ತು. ಬೆಳಿಗ್ಗೆ ಹೋಗಿ ನೋಡಿದ್ರೆ ಸತ್ತು ಬಿದ್ದಿದೆ. ಧನುರ್ವಾಯುವಿನಿಂದ ಜನರನ್ನ ಉಳಿಸೋ ಕುದುರೆ ಧನುರ್ವಾಯುವಿನಿಂದಲೇ ಸತ್ತುಹೋಯ್ತು ಮೇಡಂ."

"ನಿಮ್ಮ ದೊಡ್ಡ ಡಾಕ್ಟರು ಏನಂತಾರೆ?"

"ಅಳತೆ ತಪ್ಪಿ ಹತ್ತಾರು ಪಟ್ಟು ಕೊಟ್ಟಿದೀಯ ಅಂತಾರೆ. ನಾಳೆ ಸಂಜೆಯೊಳಗೆ ಸರಿಯಾದ ಉತ್ತರ ಕೊಡದಿದ್ರೆ ನನ್ನ ಲೈಸೆನ್ಸ್ ರದ್ದು ಮಾಡಿ ಅಂತ ಬರೀತಾರಂತೆ." ಅವಳು ಲೋಟವನ್ನು ಕೆಳಗಿಟ್ಟಳು. "ಲೈಸೆನ್ಸ್ ಹೋದ್ರೆ ಹೋಗ್ಲಿ. ನಾನೇ ಕೊಂದೆನಾ ಇಲ್ವಾ, ಅದು ಗೊತ್ತಾಗ್ಬೇಕು. ಇನ್ನು ಯಾವ ಪ್ರಾಣಿಗೂ ನಾನು ಸೂಜಿ ಎತ್ತೋಕಾಗಲ್ಲ ಅನ್ನಿಸ್ತಿದೆ."

ಅತ್ತೆ ನನ್ನ ಕಡೆ ತಿರುಗಿದರು. "ಬಾಗಿಲು ಹಾಕು."

"ಲಾಳದವನ ಗಡಿಯಾರ ಇವತ್ತೇ ಕೊಡ್ಬೇಕು ಅತ್ತೆ," ಎಂದೆ.

"ಇಷ್ಟು ವರ್ಷ ತುಕ್ಕು ತಿಂದಿರೋದು ಇನ್ನೊಂದು ದಿನ ತಿನ್ನುತ್ತೆ. ಚೀಲ ತಗೋ."

ಲಾಯ ಉದ್ದನೆಯ ಹೆಂಚಿನ ಕಟ್ಟಡ. ನೆಲಕ್ಕೆ ಸಿಮೆಂಟು, ಗೋಡೆಗೆ ಸುಣ್ಣ, ಒಂದು ಹುಲ್ಲಿನ ಎಸಳೂ ಅತ್ತಿತ್ತ ಬಿದ್ದಿರಲಿಲ್ಲ. ಎರಡೂ ಕಡೆ ಕುದುರೆಗಳು ನಿಂತು ಹುರುಳಿ ಜಗಿಯುತ್ತಿದ್ದವು. ಸತ್ತ ಕುದುರೆ ಕೊನೆಯ ಅಂಕಣದಲ್ಲಿ ಅಡ್ಡ ಬಿದ್ದಿತ್ತು. ಕಂದು ಬಣ್ಣ, ಹಣೆಯ ಮೇಲೆ ಬಿಳಿ ಪಟ್ಟೆ, ಕಾಲುಗಳು ಮರದ ಕುರ್ಚಿಯ ಕಾಲಿನಷ್ಟು ನೆಟ್ಟಗೆ. ನನಗೆ ನೋಡಲಾಗಲಿಲ್ಲ.

ಪಕ್ಕದಲ್ಲಿ ಮೀಸೆ ತಾತ ಬಕೆಟ್ ಹಿಡಿದು ನಿಂತಿದ್ದ. ಆ ಬಿಳಿ ಮೀಸೆಗೆ ತಕ್ಕ ಎದೆಯೂ ಉಂಟು ಎಂದುಕೊಂಡೆ; ಹೆತ್ತ ಮಗಳಂತೆ ಸಾಕಿದ ಕುದುರೆ ಕಣ್ಣೆದುರು ಸತ್ತು ಬಿದ್ದಿದ್ದರೂ ಅವನ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಆದರೆ ಚಿಕ್ಕ ಡಾಕ್ಟರು ಒಳಗೆ ಬಂದದ್ದೇ ತಡ, ಅವಳ ಮುಖ ನೋಡಿದವನೇ ಬಕೆಟ್ ಕೆಳಗಿಟ್ಟು ಹೆಗಲಿನ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡು ಗೊಳೋ ಎಂದು ಅತ್ತ. "ಈ ಮಗೂದೇನೂ ತಪ್ಪಿಲ್ಲಮ್ಮ. ಈ ಮಗೂದೇನೂ ತಪ್ಪಿಲ್ಲ," ಎಂದು ಅತ್ತೆಗೆ ಹೇಳಿದ.

ಅತ್ತೆ ಕುದುರೆಯ ಪಕ್ಕ ಮಂಡಿಯೂರಿದರು. ಅದರ ಕತ್ತಿನ ಮೇಲೆ ಕೈಯಿಟ್ಟು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಸವರಿದರು. ಆಮೇಲೆ ಕಷ್ಟಪಟ್ಟು ಅದರ ತಲೆಯನ್ನೆತ್ತಿ ಇನ್ನೊಂದು ಕಡೆಯ ಕತ್ತನ್ನೂ ಸವರಿದರು. ಎಷ್ಟೋ ಜೀವ ಉಳಿಸಿದ ಪ್ರಾಣಿಯಲ್ಲವೇ, ಅವರಿಗೂ ಕರುಳು ಚುರ್ರೆಂದಿರಬೇಕು ಎಂದು ನನ್ನ ಕಣ್ಣೂ ಒದ್ದೆಯಾಯಿತು.

"ಲೋ," ಎಂದರು, "ಕಣ್ಣು ಒರೆಸಿಕೊಂಡು ಇದರ ಗೊರಸು ನೋಡು. ನಂಬರ್ ಎಲ್ಲಿದೆ?"

ಕುದುರೆಗಳ ಮುಂಗಾಲಿನ ಗೊರಸಿಗೆ ಕಾದ ಕಬ್ಬಿಣದಿಂದ ನಂಬರ್ ಒತ್ತಿರುತ್ತಾರೆ. ಒಂದು ಮತ್ತು ಏಳು, ಅಚ್ಚುಕಟ್ಟಾಗಿ, ಗೊರಸಿನ ಮೇಲ್ತುದಿಯಲ್ಲಿ ಕೂದಲಿನ ಅಂಚಿಗೆ ತಾಗಿದಂತೆ ಇತ್ತು. ಹೇಳಿದೆ.

"ಪಕ್ಕದವರದ್ದು?"

ಹದಿನಾರನೆಯದು ನನ್ನ ಕಡೆ ಅನುಮಾನದಿಂದ ನೋಡಿತು. ಬಗ್ಗಿ ನೋಡಿದೆ. ನಂಬರ್ ಗೊರಸಿನ ನಡುಮಧ್ಯದಲ್ಲಿತ್ತು. ಆಚೆಯದ್ದೂ ಹಾಗೆಯೇ. ಅತ್ತೆ ಹೂಂಗುಟ್ಟಿದರು.

"ನಂಬರ್ ಹಾಕೋದು ಯಾರು?" ಎಂದು ಕೇಳಿದರು.

"ಲಾಳದವನು," ಎಂದ ಮೀಸೆ ತಾತ, ಮೂಗು ಮುರಿದು. "ಆ ಬೀಗ. ನಂಬರ್ ಹಾಕೋ ದಿನ ಬಿಟ್ರೆ ಅವನ ನೆರಳೂ ಈ ಕಡೆ ಬೀಳಲ್ಲ. ಮೊನ್ನೆಯೂ ಬಂದಿಲ್ಲ, ಹೋದ ತಿಂಗಳೂ ಬಂದಿಲ್ಲ."

ಇವರಿಬ್ಬರ ಜಗಳ ಊರಿಗೇ ಗೊತ್ತು. ತಾತನ ಮಗಳನ್ನು ಲಾಳದವನ ಮಗನಿಗೆ ಕೊಟ್ಟಿದ್ದಾರೆ. ಮದುವೆಯ ದಿನವೇ ಲಾಳದವನು, ನಿಮ್ಮ ಲಾಯದ ಒಂದು ಕುದುರೆ ಕುಂಟುತ್ತದೆ ಎಂದನಂತೆ. ಅವತ್ತಿನಿಂದ ಬೀಗರಿಬ್ಬರಿಗೂ ಮಾತಿಲ್ಲ.

ಅಷ್ಟರಲ್ಲಿ ದೊಡ್ಡ ಡಾಕ್ಟರು ಬಂದರು. ಎತ್ತರದ ಮನುಷ್ಯ, ಇಸ್ತ್ರಿ ಮುರಿಯದ ಬಿಳಿ ಕೋಟು. ಅತ್ತೆಯನ್ನು ಕಂಡು ಮುಖ ಗಂಟಿಕ್ಕಿದರೂ, ಒಂದು ಕಾಲದಲ್ಲಿ ಅವರ ಕೈಕೆಳಗೆ ಕಲಿತವರಾದ್ದರಿಂದ ಏನೂ ಅನ್ನಲಿಲ್ಲ.

"ವಿಷದ ಬಾಟಲಿ ಎಲ್ಲಿ?" ಎಂದರು ಅತ್ತೆ.

ತರಿಸಿದರು. ಚಿಕ್ಕ ಡಾಕ್ಟರು ಇಡೀ ಸಾಲಿಗೂ ಅದೇ ಬಾಟಲಿಯಿಂದ ಕೊಟ್ಟಿದ್ದಳು. ಉಳಿದಿರಬೇಕಾದಷ್ಟು ಉಳಿದಿತ್ತು, ಒಂದು ಕುದುರೆಗೆ ಹತ್ತಾರು ಪಟ್ಟು ಹೋಗಿದ್ದರೆ ಬಾಟಲಿ ಬರಿದಾಗಿರಬೇಕಿತ್ತು. ಬೇರೆ ಕುದುರೆಗಳೂ ಅದೇ ವಿಷ ತಗೊಂಡು ಹುರುಳಿ ಜಗಿಯುತ್ತ ನಿಂತಿವೆ.

"ಅಳತೆ ಸರಿ ಇದೆ," ಎಂದರು ಅತ್ತೆ. "ಅಂದ್ರೆ ತಪ್ಪಿರೋದು ಕುದುರೆಯೊಳಗೆ. ಕೊಯ್ದು ನೋಡ್ತೀನಿ."

ಕೊಯ್ಯುವಾಗ ನಾನು ಬಾಗಿಲಲ್ಲಿ ನಿಂತು ಆಕಾಶ ನೋಡುತ್ತಿದ್ದೆ. ಕರೆದಾಗ ಹೋಗಲೇಬೇಕಾಯಿತು. ತಟ್ಟೆಯಲ್ಲಿ ಪಿತ್ತಜನಕಾಂಗದ ತುಂಡು. ಅದರ ನಾಳಗಳಿಂದ ಎಲೆಯಂತೆ ಚಪ್ಪಟೆಯಾದ ಹುಳಗಳು ಜಾರಿ ಬಂದಿದ್ದವು. ಕರುಳಿನಲ್ಲೂ ದಾರದಂಥ ಹುಳಗಳ ಗಂಟು.

ದೊಡ್ಡ ಡಾಕ್ಟರ ಮುಖ ಕೆಂಪಾಯಿತು. "ನನ್ನ ಲಾಯದಲ್ಲಿ ಹುಳವೇ? ಇಲ್ಲಿ ಒಣಗಿಸಿದ ಹುಲ್ಲು ಬಿಟ್ಟು ಬೇರೆ ಬರೋ ಹಾಗಿಲ್ಲ. ಹೊರಗೆ ಮೇಯ್ದ ಕುದುರೆ ಮತ್ತೆ ಈ ಬಾಗಿಲು ದಾಟೋ ಹಾಗಿಲ್ಲ. ಹುಳದ ಜೊತೆ ಗುದ್ದಾಡೋ ಮೈಯಿಂದ ಬರೋ ರಕ್ತವನ್ನ ನಂಬೋಕಾಗಲ್ಲ ಅಂತ ಆ ನಿಯಮ ಬರೆದೋನೇ ನಾನು!" ಆಮೇಲೆ ಚಿಕ್ಕ ಡಾಕ್ಟರ ಕಡೆ ನೋಡಿದರು. ದನಿ ಸ್ವಲ್ಪ ಇಳಿಯಿತು. "ಹಾಗಾದ್ರೆ ಕಾರಣ ಇದೇ ಇರಬೇಕು. ಮೈಯಲ್ಲಿ ಹುಳ ಸೇರಿದ್ರೆ ವಿಷಕ್ಕೆ ಎದುರಾಗಿ ನಿಲ್ಲೋ ಶಕ್ತಿ ಕುಗ್ಗುತ್ತೆ. ಆದ್ರೂ ಅವಳು ಗಮನಿಸಬೇಕಿತ್ತು."

"ಕುಗ್ಗುತ್ತೆ, ನಿಜ," ಎಂದರು ಅತ್ತೆ. "ಎಷ್ಟು ಕುಗ್ಗಿದೆ ಅಂತ ನೋಡೋಣ. ಅಲ್ಲಪ್ಪ, ಇಷ್ಟು ವಯಸ್ಸಾದ ಕುದುರೆಯನ್ನ ಯಾಕೆ ಇನ್ನೂ ಇಟ್ಟುಕೊಂಡಿದ್ದೆ?"

"ರಕ್ತದ ಬಲ ಇಳಿದಿದ್ರೆ ಯಾವತ್ತೋ ಬಿಟ್ಟುಬಿಡ್ತಿದ್ದೆ. ಬಲ ಇಳಿದ ಕುದುರೇನ ಸಾಕೋರಿಗೆ ಸುಮ್ಮನೆ ಕೊಟ್ಟುಬಿಡೋದು ನಮ್ಮ ಪದ್ಧತಿ. ಇವಳದ್ದು ಇಳೀಲೇ ಇಲ್ಲ. ಈ ತಾತ ಎಷ್ಟು ಸಲ ಬಂದು ಬಿಡಿ ಬಿಡಿ ಅಂತ ಕಾಲು ಹಿಡಿದಿಲ್ಲ? ಜನ ಸಾಯ್ತಿರ್ತಾರೆ, ಹೇಗೆ ಬಿಡಲಿ?"

ಮೀಸೆ ತಾತ ಬಕೆಟ್ ಎತ್ತಿಕೊಂಡು ಹೊರಗೆ ಹೋದ.

ಮಧ್ಯಾಹ್ನ ಪ್ರಯೋಗಶಾಲೆಯಲ್ಲಿ ಸತ್ತ ಕುದುರೆಯ ರಕ್ತದ ಪರೀಕ್ಷೆ ನಡೆಯಿತು. ಸಣ್ಣ ಸಣ್ಣ ಗುಳಿಗಳ ಒಂದು ತಟ್ಟೆ. ಪ್ರತಿವಿಷ ಇದ್ದರೆ ಗುಳಿಯಲ್ಲಿ ಹಳದಿ ಬಣ್ಣ ಏಳುತ್ತದೆ, ಹೆಚ್ಚಿದ್ದಷ್ಟೂ ಗಾಢ. ಶೀತಲ ಕೋಣೆಯಲ್ಲಿಟ್ಟಿದ್ದ ಹದಿನೇಳರ ಹಿಂದಿನ ಸಲದ ಸೀರಮ್ಮನ್ನೂ ಅತ್ತೆ ಪಕ್ಕದಲ್ಲಿಡಿಸಿದರು. ಹಳೆಯದು ಅರಿಸಿನದಷ್ಟು ಗಾಢವಾಗಿ ಎದ್ದಿತು. ಸತ್ತ ಕುದುರೆಯ ರಕ್ತ ಬಿದ್ದ ಗುಳಿಗಳು ನೀರು ನೀರಾಗಿಯೇ ಉಳಿದವು. ಚಿಕ್ಕ ಡಾಕ್ಟರು ಬಗ್ಗಿ ನೋಡಿ, ಕಣ್ಣುಜ್ಜಿ, ಮತ್ತೆ ನೋಡಿದಳು.

"ಏನೂ ಇಲ್ಲ ಮೇಡಂ. ಒಂದು ಚೂರೂ ಇಲ್ಲ."

"ಹುಳದಿಂದ ಹೀಗಾಗುತ್ತಾ?" ಎಂದು ನಾನು ಕೇಳಿದೆ.

ಅತ್ತೆ ಚೀಲವನ್ನು ನನ್ನ ಕೈಗಿಟ್ಟು ಹೊರಟರು. ನನ್ನ ಸ್ಕೂಟರಿನಲ್ಲಿ ಬರುವಾಗ ಇದ್ದಕ್ಕಿದ್ದಂತೆ, "ನಿನ್ನ ಅಂಗಡಿಗೆ ಬರೋ ಗಡಿಯಾರಗಳಲ್ಲಿ ಯಾರ ಮನೇದು ಹೆಚ್ಚು ತುಕ್ಕು ಹಿಡಿಯುತ್ತೆ?" ಎಂದರು.

"ಲಾಳದವನದ್ದು. ಬೆಳಿಗ್ಗೆಯೇ ನೋಡಿದ್ರಲ್ಲ."

"ನೋಡಿದೆ. ಕೆರೆ ಕಡೆ ತಿರುಗಿಸು."

ಜೌಗಿನ ಅಂಚಿನಲ್ಲಿ ನನ್ನನ್ನು ಸ್ಕೂಟರಿನ ಹತ್ತಿರ ನಿಲ್ಲಿಸಿ, ಸೀರೆ ಎತ್ತಿಕಟ್ಟಿಕೊಂಡು, ಬಸವನಹುಳು ನೋಡಿಕೊಂಡು ಬರುತ್ತೇನೆ ಎಂದು ಹೋದರು. ಈ ವಯಸ್ಸಿನಲ್ಲಿ ಬಸವನಹುಳು ನೋಡುವ ಹುಚ್ಚು ಬೇರೆ ಎಂದು ಗೊಣಗುತ್ತ ಸೊಳ್ಳೆ ಹೊಡೆಯುತ್ತಿದ್ದೆ. ಬಂದಾಗ ಸೀರೆಯ ಅಂಚೆಲ್ಲ ಕೆಸರು. ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಒಂದು ಗಾಜಿನ ಪಟ್ಟಿ.

"ಲಾಳದವನು ಮನೇಲಿರಲಿಲ್ಲ, ಒಳ್ಳೇದೇ ಆಯ್ತು," ಎಂದರು. "ಅವನ ಗಡಿಯಾರ ರೆಡಿ ಮಾಡು. ನಾಳೆ ಸಂಜೆ ಲಾಯಕ್ಕೇ ಬಂದು ತಗೊಂಡು ಹೋಗು ಅಂತ ಹೇಳಿ ಕಳಿಸು."

ಮರುದಿನ ಸಂಜೆ ಲಾಯದ ಹುಲ್ಲಿನ ಕೋಣೆಯಲ್ಲಿ ಎಲ್ಲರೂ ಸೇರಿದೆವು. ದೊಡ್ಡ ಡಾಕ್ಟರಿಗೆ ಮಾತ್ರ ಕುರ್ಚಿ. ಚಿಕ್ಕ ಡಾಕ್ಟರು ಹುಲ್ಲಿನ ಪಿಂಡಿಯ ಮೇಲೆ ಕೈ ಬಿಗಿಹಿಡಿದು ಕುಳಿತಿದ್ದಳು. ಲಾಳದವನು ಗಡಿಯಾರವನ್ನು ಎದೆಗವಚಿಕೊಂಡು ಒಂದು ಮೂಲೆಯಲ್ಲಿ. ಮೀಸೆ ತಾತ ಅವನಿಗೆ ಬೆನ್ನು ಹಾಕಿ ಇನ್ನೊಂದು ಮೂಲೆಯಲ್ಲಿ. ಮೇಜಿನ ಮೇಲೆ ಒಂದು ಮೈಕ್ರೋಸ್ಕೋಪು.

"ಮೈಗೆ ನೆನಪು ಅಂತ ಒಂದಿರುತ್ತೆ," ಎಂದು ಅತ್ತೆ ಶುರು ಮಾಡಿದರು. "ಒಂದು ವಿಷವನ್ನ ಒಂದು ಸಲ ಎದುರಿಸಿದ ಮೈ ಅದನ್ನ ಸುಲಭಕ್ಕೆ ಮರೆಯಲ್ಲ. ಇವಳು ವರ್ಷಗಟ್ಟಲೆ ಅದೇ ವಿಷ ಉಂಡವಳು. ಹುಳ ಸೇರಿದ್ರೆ ಆ ನೆನಪು ಮಬ್ಬಾಗಬಹುದು, ಅರ್ಧಕ್ಕರ್ಧ ಕುಗ್ಗಲೂಬಹುದು. ಪೂರ್ತಿ ಅಳಿಸಿ ಹೋಗಲ್ಲ. ಸತ್ತ ಕುದುರೆಯ ರಕ್ತದಲ್ಲಿ ಆ ವಿಷದ ಗುರುತೇ ಇರಲಿಲ್ಲ. ಅದರ ಅರ್ಥ ಒಂದೇ. ಆ ಮೈ ಈ ವಿಷವನ್ನ ಹಿಂದೆ ಯಾವತ್ತೂ ಕಂಡಿರಲಿಲ್ಲ. ಸತ್ತಿರೋದು ಹದಿನೇಳನೇ ನಂಬರ್ ಅಲ್ಲ."

ದೊಡ್ಡ ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದರು.

"ನನಗೆ ಮೊದಲ ಅನುಮಾನ ಬಂದದ್ದು ಕತ್ತು ಮುಟ್ಟಿದಾಗ. ನಾನು ಮರುಗ್ತಿದೀನಿ ಅಂತ ನಮ್ಮ ಹುಡುಗ ಕಣ್ಣು ಒದ್ದೆ ಮಾಡಿಕೊಂಡ." ಎಲ್ಲರೂ ನನ್ನ ಕಡೆ ನೋಡಿದರು. ನಾನು ಹುಲ್ಲು ಎಣಿಸತೊಡಗಿದೆ. "ಇಷ್ಟು ವರ್ಷ ರಕ್ತ ತೆಗೆಸಿಕೊಂಡ ಕುದುರೆಯ ಕತ್ತಿನ ನಾಳ ಹಗ್ಗದ ಹಾಗೆ ಗಡುಸಾಗಿರಬೇಕು. ಇದರದ್ದು ಎರಡೂ ಕಡೆ ರೇಷ್ಮೆಯ ಹಾಗೆ ನುಣ್ಣಗಿತ್ತು. ಆಮೇಲೆ ಗೊರಸು. ಗೊರಸು ಉಗುರಿನ ಹಾಗೆ ಮೇಲಿನಿಂದ ಕೆಳಕ್ಕೆ ಬೆಳೆಯುತ್ತೆ. ಒತ್ತಿದ ನಂಬರೂ ಅದರ ಜೊತೆ ಇಳೀತಾ ಹೋಗುತ್ತೆ. ಎಲ್ಲಾ ಕುದುರೆಗೂ ಒಂದೇ ದಿನ ಒತ್ತಿದ ನಂಬರ್ ನಡುವಿಗೆ ಇಳಿದಿರೋವಾಗ, ಇದೊಂದಕ್ಕೆ ಮಾತ್ರ ಕೂದಲಂಚಿನಲ್ಲೇ ಇದೆ. ಈಚೆಗೆ ಒತ್ತಿದ್ದು. ಒತ್ತಿದವನ ಕೈ ಬಹಳ ಪಳಗಿದ ಕೈ."

ಲಾಳದವನು ಗಡಿಯಾರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

"ಮೂರನೇದು ಹುಳ. ಎಲೆಯಂಥ ಆ ಹುಳ ಬೆಳೆಯೋಕೆ ಒಂದು ಬಗೆ ಬಸವನಹುಳು ಬೇಕು, ಬಸವನಹುಳುವಿಗೆ ನಿಂತ ನೀರು ಬೇಕು. ಈ ಲಾಯದಲ್ಲಿ ಎರಡೂ ಇಲ್ಲ. ಹಾಗಾದ್ರೆ ಈ ಕುದುರೆ ಜೌಗಿನಲ್ಲಿ ಮೇಯ್ದು ಬೆಳೆದದ್ದು. ಜೌಗಿನಲ್ಲಿ ಮನೆ ಇದ್ದು, ಕುದುರೆ ಸಾಕಿ, ನಂಬರ್ ಒತ್ತೋಕೂ ಬರೋನು ಊರಲ್ಲಿ ಒಬ್ಬನೇ. ಅವನ ಗಡಿಯಾರವೇ ಸಾಕ್ಷಿ."

"ಆದರೆ ಒಳಗಿನೋರು ಬಾಗಿಲು ತೆಗೀದೆ ಕುದುರೆ ಬದಲಾಯಿಸೋಕಾಗಲ್ಲ," ಎಂದರು ದೊಡ್ಡ ಡಾಕ್ಟರು. "ಒಳಗೆ ಇರೋದು ಈ ತಾತ. ಇವರಿಬ್ಬರಿಗೂ ಎಣ್ಣೆ ಸೀಗೆಕಾಯಿ."

"ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ನಾನು ಕೇಳಿದ್ದು ನಂಬರ್ ಹಾಕೋದು ಯಾರು ಅಂತ ಮಾತ್ರ. ತಾತ ತಾನಾಗೇ, ಅವನು ಹೋದ ತಿಂಗಳು ಬಂದಿಲ್ಲ ಅಂದ. ಬರಲಿಲ್ಲ ಅಂತ ಯಾರೂ ಕೇಳದೆ ಯಾಕೆ ಹೇಳ್ಬೇಕು? ಅಲ್ಲದೆ, ಸತ್ತ ಕುದುರೆ ಎದುರಿಗಿದ್ದಾಗ ಇವನು ಅಳಲಿಲ್ಲ. ಈ ಹುಡುಗಿ ಕಂಡಾಗ ಅತ್ತ. ಸತ್ತದ್ದು ತನ್ನ ಕುದುರೆ ಅಲ್ಲ ಅಂತ ಅವನಿಗೆ ಗೊತ್ತಿತ್ತು. ತನ್ನಿಂದ ಹಾಳಾಗ್ತಿರೋದು ಯಾರು ಅಂತಲೂ ಗೊತ್ತಿತ್ತು." ಅತ್ತೆ ಇಬ್ಬರನ್ನೂ ನೋಡಿದರು. "ಬೀಗರಿಬ್ಬರಿಗೂ ಮೊಮ್ಮಗಳು ಒಬ್ಬಳೇ, ಅಲ್ವಾ? ಅವಳನ್ನ ಉಳಿಸಿದ್ದು ಹದಿನೇಳರ ರಕ್ತ."

ಕೋಣೆಯಲ್ಲಿ ಗಡಿಯಾರದ ಟಿಕ್ ಟಿಕ್ ಮಾತ್ರ ಕೇಳುತ್ತಿತ್ತು. ರಿಪೇರಿ ಚೆನ್ನಾಗೇ ಆಗಿದೆ ಎಂದು ಆ ಹೊತ್ತಿನಲ್ಲೂ ನನಗೆ ಹೆಮ್ಮೆಯಾಯಿತು.

ಮೊದಲು ಬಾಯಿಬಿಟ್ಟವನು ಲಾಳದವನು. "ಏನೂ ಆಗಲ್ಲ ಅಂದಿದ್ರು ಬೀಗರು," ಎಂದ. ದನಿ ಒಡೆದಿತ್ತು. "ನಿಮ್ಮದೂ ಹಾಗೇ ಕಂದು, ಹಣೆ ಮೇಲೆ ಪಟ್ಟೆ ಇದೆ, ಒಂದು ತಿಂಗಳ ಮಟ್ಟಿಗೆ ನಿಲ್ಲಿಸೋಣ ಅಂದ್ರು. ಮುಂದಿನ ರಕ್ತ ಪರೀಕ್ಷೇಲಿ ಬಲ ಇಲ್ಲ ಅಂತ ಬರುತ್ತೆ, ಬಲ ಇಲ್ಲದ ಕುದುರೆ ಬಿಟ್ಟುಬಿಡ್ತಾರೆ, ನಿಮ್ಮ ಕುದುರೆ ನಿಮ್ಮ ಮನೆಗೆ ಬರುತ್ತೆ, ಮುದುಕೀನೂ ಉಳೀತಾಳೆ ಅಂದ್ರು. ನನ್ನ ಮೊಮ್ಮಗಳ ಜೀವ ಉಳಿಸಿದ ಪ್ರಾಣಿ. ಹೇಗೆ ಆಗಲ್ಲ ಅನ್ಲಿ?"

"ಮತ್ತೆ ಪರೀಕ್ಷೆಗೆ ಮುಂಚೆ ವಿಷ ಕೊಡ್ತಾರಲ್ಲ, ಅದು?" ಎಂದು ಅತ್ತೆ ಮೀಸೆ ತಾತನನ್ನು ಕೇಳಿದರು.

ತಾತ ತಲೆಯೆತ್ತಲಿಲ್ಲ. "ಮೂವತ್ತು ವರ್ಷದಿಂದ ನೋಡ್ತಿದೀನಮ್ಮ. ಚುಚ್ಚುತ್ತಾರೆ, ಕುದುರೆ ಕಿವಿ ಒದರುತ್ತೆ, ಹುರುಳಿ ತಿನ್ನುತ್ತೆ. ಒಂದು ದಿನಾನೂ ಒಂದು ಕುದುರೆಗೂ ನೆಗಡಿ ಕೂಡ ಆಗಿಲ್ಲ. ವಿಷ ವಿಷ ಅಂತ ಎಲ್ಲರೂ ಅನ್ನೋರು, ನಾನೂ ಅನ್ನುತ್ತಿದ್ದೆ. ಆದ್ರೆ ಅದು ಕೊಲ್ಲುತ್ತೆ ಅನ್ನೋದು ನನಗೆ ಮರೆತೇ ಹೋಗಿತ್ತು."

ಆ ಮಾತು ಕೇಳಿ ದೊಡ್ಡ ಡಾಕ್ಟರು ಕಣ್ಣು ಕೆಳಗೆ ಹಾಕಿದರು.

"ಈ ಮಗೂಗೆ ಕೆಟ್ಟ ಹೆಸರು ಬಂತಲ್ಲ, ಆಗಲಾದ್ರೂ ಹೇಳ್ಬಾರದಿತ್ತಾ?" ಎಂದರು ಅತ್ತೆ.

"ಬಾಯಿ ತೆಗೆಯೋದು, ಮುಚ್ಚೋದು. ಹೇಳಿದ್ರೆ ಮುದುಕೀನ ಮತ್ತೆ ಸೂಜಿಗೆ ತರ್ತಾರೆ. ಹೇಳದಿದ್ರೆ ಈ ಮಗು ಹೋಗುತ್ತೆ. ಎರಡು ರಾತ್ರಿ ಕಣ್ಣು ಮುಚ್ಚಿಲ್ಲ." ಅವನು ಚಿಕ್ಕ ಡಾಕ್ಟರ ಮುಂದೆ ಬಂದು ಕೈಮುಗಿದ. "ನಾನು ಮಾಡಿದ್ದಮ್ಮ. ನಿನ್ನ ಕೈಯಿಂದ ಮಾಡಿಸಿದೆ."

ಅವಳು ಅವನ ಕೈ ಹಿಡಿದುಕೊಂಡಳು.

ದೊಡ್ಡ ಡಾಕ್ಟರು ಅತ್ತೆಯ ಕಡೆ ತಿರುಗಿದರು. "ಡಾಕ್ಟರಮ್ಮನ ಮೇಲೆ ನಾನು ಏನೂ ಬರೆಯಲ್ಲ. ತಪ್ಪಾಯ್ತು, ನನ್ನದೂ. ಆದ್ರೆ ಹದಿನೇಳು ಬದುಕಿದೆ ಅಂದ್ರೆ ನಾಳೆಯೇ ಇಲ್ಲಿಗೆ ಬರ್ಬೇಕು. ಅಂಥ ರಕ್ತ ಬೇರೆ ಇಲ್ಲ."

ತಾತನ ಮುಖ ಬಿಳಿಚಿಕೊಂಡಿತು. ಅತ್ತೆ ಮೈಕ್ರೋಸ್ಕೋಪನ್ನು ದೊಡ್ಡ ಡಾಕ್ಟರ ಕಡೆ ಸರಿಸಿದರು.

"ನಿನ್ನೆ ಲಾಳದವನ ಕೊಟ್ಟಿಗೆಯಲ್ಲಿ ಅವಳನ್ನ ಕಂಡೆ. ಕತ್ತು ಹಗ್ಗದ ಹಾಗಿತ್ತು. ಕಿವಿಯಿಂದ ಒಂದು ಹನಿ ರಕ್ತ ತಗೊಂಡೆ. ನೋಡು."

ಅವರು ಬಗ್ಗಿ ನೋಡಿದರು. ಆಮೇಲೆ ನನಗೂ ತೋರಿಸಿದರು: ನಸು ಗುಲಾಬಿ ಬಯಲಿನಲ್ಲಿ ಅಲ್ಲಲ್ಲಿ ದುಂಡನೆಯ ಕಣಗಳು, ಒಂದೊಂದರ ಹೊಟ್ಟೆಯಲ್ಲೂ ಕೆಂಪು ಕಾಳುಗಳು ಕಿಕ್ಕಿರಿದಿದ್ದವು.

"ಹುಳ ಮೈಯೊಳಗೆ ಓಡಾಡೋಕೆ ಶುರು ಮಾಡಿದ್ರೆ ಕುದುರೆಯ ರಕ್ತದಲ್ಲಿ ಈ ಕಣಗಳು ಹೀಗೆ ಹೆಚ್ಚುತ್ತವೆ," ಎಂದು ಅತ್ತೆ ನಮಗೆಲ್ಲ ಬಿಡಿಸಿ ಹೇಳಿದರು. "ತಿಂಗಳಿಂದ ಜೌಗಿನ ಹುಲ್ಲು ಮೇಯ್ತಿದಾಳೆ. ಲದ್ದಿಯಲ್ಲಿ ಇನ್ನೂ ಹುಳದ ಮೊಟ್ಟೆ ಕಾಣಲ್ಲ, ಅಷ್ಟು ಬೇಗ ಕಾಣೋದೂ ಇಲ್ಲ. ಆದ್ರೆ ರಕ್ತಕ್ಕೆ ಆಗಲೇ ಗೊತ್ತಾಗಿದೆ. ಹೊರಗೆ ಮೇಯ್ದ ಕುದುರೆ ಈ ಬಾಗಿಲು ದಾಟೋ ಹಾಗಿಲ್ಲ ಅಂತ ಯಾರೋ ಒಂದು ನಿಯಮ ಬರೆದಿದ್ರಂತೆ. ಯಾರಪ್ಪ ಅದು?"

ದೊಡ್ಡ ಡಾಕ್ಟರು ಕಣ್ಣನ್ನು ಮೈಕ್ರೋಸ್ಕೋಪಿನಿಂದ ತೆಗೆಯಲಿಲ್ಲ. ಹುಳಕ್ಕೆ ಔಷಧಿ ಉಂಟು, ನಿಯಮಕ್ಕೆ ತಿದ್ದುಪಡಿ ಉಂಟು ಎಂದು ಅವರಿಗೂ ಗೊತ್ತು, ಅತ್ತೆಗೂ ಗೊತ್ತು. ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತು ನೋಡುವಂಥದ್ದು ಆ ಗಾಜಿನಲ್ಲಿ ಇರಲಿಲ್ಲ.

"ನಿಯಮ ನಿಯಮವೇ," ಎಂದು ಕೊನೆಗೆ ನೆಟ್ಟಗೆ ಕುಳಿತರು. "ಅವಳು ಒಳಗೆ ಬರೋ ಹಾಗಿಲ್ಲ." ಆಮೇಲೆ ತಾತನ ಕಡೆ ತಿರುಗಿ, ಬಿರುಸಾಗಿ ಅಂದರು: "ಕೇಳಿಸಿಕೊಳ್ಳಿ, ನೀವೂ ಹೊರಗಿನ ಹುಲ್ಲು ಮೇಯ್ದೋರೇ. ನಾಳೆಯಿಂದ ನೀವೂ ಈ ಬಾಗಿಲು ದಾಟೋ ಹಾಗಿಲ್ಲ."

ತಾತ ತಲೆಯಾಡಿಸಿದ. ಅವನ ಮೀಸೆಯ ಕೆಳಗೆ ಒಂದು ನಗು ಮೂಡಿ, ಲಾಳದವನ ಮುಖ ಕಂಡೊಡನೆ ಆರಿಹೋಯಿತು. ಲಾಳದವನು ಯಾರ ಕಡೆಯೂ ನೋಡುತ್ತಿರಲಿಲ್ಲ. "ನನ್ನ ಕುದುರೆ ಕೂಗಿದ್ರೆ ಓಡಿ ಬರೋದು," ಎಂದ, ಗಡಿಯಾರಕ್ಕೆ ಹೇಳುವಂತೆ. "ಅದಕ್ಕೆ ಇಲ್ಲಿ ಯಾರ ಗುರುತೂ ಇರಲಿಲ್ಲ." ಅಲ್ಲಿಯವರೆಗೆ ನಾವು ಅತ್ತದ್ದೆಲ್ಲ ಹದಿನೇಳಕ್ಕಾಗಿ; ನಿಜಕ್ಕೂ ಸತ್ತ ಈ ಕುದುರೆಗಾಗಿ ನಮ್ಮಲ್ಲಿ ಒಬ್ಬರೂ ಮರುಗಿರಲಿಲ್ಲ. ನನಗೆ ನಾಚಿಕೆಯಾಯಿತು.

ಹೊರಗೆ ಬಂದ ಮೇಲೆ ಚಿಕ್ಕ ಡಾಕ್ಟರು ಅತ್ತೆಯನ್ನು ತಡೆದು ನಿಲ್ಲಿಸಿದಳು. "ಹಾಗಾದ್ರೆ ನಾನು ಕೊಂದಿಲ್ಲ ಅಲ್ವಾ ಮೇಡಂ?"

"ನೀನು ಕೊಂದಿಲ್ಲ ಕಣಮ್ಮ. ಆದ್ರೆ ನೀನು ನೋಡಲೂ ಇಲ್ಲ. ಗೊರಸಿನ ನಂಬರ್ ಓದಿದೆ, ಸೂಜಿ ಚುಚ್ಚಿದೆ. ಕತ್ತಿನ ಮೇಲೆ ಒಂದು ಸಲ ಕೈ ಇಟ್ಟಿದ್ರೆ ಇದು ಬೇರೆ ಕುದುರೆ ಅಂತ ಅದೇ ಹೇಳುತ್ತಿತ್ತು." ಅವಳ ಮುಖ ಬಾಡಿತು. ಅತ್ತೆ ಅವಳ ಭುಜ ತಟ್ಟಿದರು. "ಬೈದದ್ದಲ್ಲ. ನೀನು ಸೂಜಿ ಬಿಡಬಾರದು ಅಂತ ಹೇಳ್ತಿದೀನಿ."

ಕೆಲವು ವಾರಗಳ ನಂತರ ಲಾಳದವನ ಗಡಿಯಾರ ಮತ್ತೆ ನಿಂತಿತು. ಈ ಸಲ ನಾನೇ ಅವನ ಮನೆಗೆ ಹೋದೆ. ಅತ್ತೆಯೂ ಚಿಕ್ಕ ಡಾಕ್ಟರೂ ಜೊತೆಗೆ ಬಂದರು. ಕೊಟ್ಟಿಗೆಯಲ್ಲಿ ಮುದುಕಿ ನಿಂತಿದ್ದಳು. ಒಂದು ಬದಿಯಲ್ಲಿ ಮೀಸೆ ತಾತ ಮೈಯುಜ್ಜುತ್ತಿದ್ದ, ಇನ್ನೊಂದು ಬದಿಯಲ್ಲಿ ಲಾಳದವನು ಗೊರಸು ಕೆತ್ತುತ್ತಿದ್ದ. ಕಷ್ಟಕಾಲದಲ್ಲಿ ಆಡಿದ್ದ ಮಾತು ಮತ್ತೆ ಬಿಟ್ಟುಹೋಗಿತ್ತು. ಈ ಸಲದ ಮುನಿಸಿಗೆ ಕಾರಣವಿತ್ತು.

"ಆ ಮನುಷ್ಯನಿಗೆ ಹೇಳೇ ಮುದುಕಿ, ಕಾಲು ಅಷ್ಟು ಎತ್ತಿ ಹಿಡೀಬಾರದು, ನಿನಗೆ ನೋಯುತ್ತೆ ಅಂತ," ಎಂದ ತಾತ.

"ಅವರಿಗೆ ಹೇಳು ಮುದುಕಿ, ಒಳಗೆ ಊಟ ಇಟ್ಟಿದೆ, ಆರಿ ಹೋಗುತ್ತೆ, ತಿನ್ನೋಕೆ ಹೇಳು," ಎಂದ ಲಾಳದವನು.

ಮುದುಕಿ ಇಬ್ಬರಿಗೂ ಏನನ್ನೂ ಹೇಳಲಿಲ್ಲ. ಚಿಕ್ಕ ಡಾಕ್ಟರ ಚೀಲದಲ್ಲಿ ಹುಳದ ಔಷಧಿ ತುಂಬಿದ ಸಿರಿಂಜು ಸಿದ್ಧವಾಗಿತ್ತು. ಅವಳು ಚೀಲ ತೆಗೆಯಲಿಲ್ಲ. ಮೊದಲು ಹತ್ತಿರ ಹೋಗಿ, ಅಂಗೈಯನ್ನು ಕುದುರೆಯ ಕತ್ತಿನ ಮೇಲಿಟ್ಟು ನಿಧಾನವಾಗಿ ಕೆಳಕ್ಕೆ ಸವರಿದಳು. ಬೆರಳುಗಳು ಒಂದು ಕಡೆ ನಿಂತವು. ಚರ್ಮದ ಕೆಳಗೆ ಹಗ್ಗದಂಥ ಆ ಗಡುಸು ನಾಳವನ್ನು ಹಿಡಿದುಕೊಂಡು ಅವಳು ಸ್ವಲ್ಪ ಹೊತ್ತು ಹಾಗೆಯೇ ನಿಂತಳು.

"ಇವಳೇ," ಎಂದಳು. ಆಮೇಲೆ ಚೀಲಕ್ಕೆ ಕೈ ಹಾಕಿದಳು.